ಮಂದ್ರಕ್ಕೆ ಇಳಿದ ತಂತಿಗಳು

ಫಾಲ್ಗುಣ ಮಾಸದ ಒಣಗಾಳಿಯು ಕಪ್ಪತಗುಡ್ಡದ ಕಡೆಯಿಂದ ನಾಗಾವಿಯ ಹೊಲಗಳ ಮೇಲೆ ಹಾಯ್ದು ಗದುಗಿನ ಓಣಿಗಳನ್ನು ಹೊಗುವ ದಿನಗಳಲ್ಲಿ, ನಮ್ಮ ಮನೆಯ ಪಡಸಾಲೆಯ ಮೂಲೆಯಲ್ಲಿ ಗವಸು ಹೊದ್ದು ನಿಂತಿರುವ ತಂಬೂರಿಯ ಬಿರಡೆಗಳು, ಕಟ್ಟಿಗೆ ಒಣಗಿ ಸಣ್ಣದಾಗುವುದರಿಂದ, ಯಾರೂ ಮುಟ್ಟದೆಯೇ ಜಾರಿ, ತಂತಿಯೊಂದು ನಡುರಾತ್ರಿಯಲ್ಲಿ ತಟ್ಟನೆ ಇಳಿದ ಸದ್ದು ಕೇಳಿಬರುವುದುಂಟು. ಈ ತಂಬೂರಿ ನನ್ನ ಸೋದರತ್ತೆಯದು. ಹಾರ್ಮೋನಿಯಮ್ಮಿನ ನಾಲ್ಕನೆಯ ಕಪ್ಪು ಮನೆಯನ್ನು ಷಡ್ಜವಾಗಿ ಹಿಡಿದು ಹಾಡುತ್ತಿದ್ದ ಆಕೆಯ ಎತ್ತರದ ಕಂಠಕ್ಕೆ ಒಪ್ಪುವಂತೆ ಮಿರಜಿನಲ್ಲಿ ಮಾಡಿಸಿ ತಂದ ವಾದ್ಯವದು. ಆಕೆ ಕಾಲವಾದ ಮೇಲೆ ಬಹುವರ್ಷ ಮೌನವಾಗಿದ್ದ ಅದನ್ನು, ಮೀಸೆ ಮೂಡಿ ದನಿಯೊಡೆದು ಗಂಭೀರ ಕಂಠವನ್ನು ಪಡೆದ ನನ್ನ ಅಣ್ಣನ ಮಗ ಕೈಗೆತ್ತಿಕೊಂಡು, ತನ್ನ ಷಡ್ಜವಾದ ಎರಡನೆಯ ಕಪ್ಪು ಮನೆಗೆ ಇಳಿಸಲೆಂದು ನಾಲ್ಕು ಬಿರಡೆಗಳನ್ನೂ ಹಿಂದಕ್ಕೆ ತಿರುವಿದನು. ತಂತಿಗಳು ಇಳಿದವೇನೋ ನಿಜ. ಆದರೆ ತಂತಿಗಳನ್ನು ಹೊತ್ತ ಕುದುರೆಯ ಮೇಲೆ ನಾದಕ್ಕೆ ಬದಲಾಗಿ ಗರಗರ ಸದ್ದು ಹೊರಟಿತು, ಎಲ್ಲಕ್ಕಿಂತ ತಗ್ಗಿನದಾದ ಖರ್ಜದ ತಂತಿಯಂತೂ ಒದ್ದೆಯ ಹಗ್ಗದಂತೆ ತೊನೆದಾಡಿತು.

ಅದೇ ಹುಡುಗನ ಮೇಜಿನ ಮೇಲೆ ಆ ತಿಂಗಳು ಮತ್ತೊಂದು ತಂತಿವಾದ್ಯ ಅಂಗಾಂಗಗಳನ್ನು ಕಳಚಿಕೊಂಡು ಮಲಗಿದ್ದಿತು. ಅದು ಅವನು ಬೆಂಗಳೂರಿನಲ್ಲಿ ಹಳೆಯದಾಗಿಯೇ ಕೊಂಡ ಎಲೆಕ್ಟ್ರಿಕ್ ಗಿಟಾರು. ಗಿಟಾರುಗಳ ಕುಲದಲ್ಲಿ ಬ್ಯಾರಿಟೋನ್ ಎಂದು ಕರೆಯಲ್ಪಡುವ, ಸಾಮಾನ್ಯ ಗಿಟಾರಿಗಿಂತ ಉದ್ದವಾದ ಕೊರಳಿನ, ತಗ್ಗಿದ ಕಂಠದ ವಾದ್ಯ. ತಂತಿಗಳನ್ನು ಬಿಗಿಯುವ ಅದರ ಕಿವಿಗಳನ್ನೂ ಕುದುರೆಯನ್ನೂ ನಾದಗ್ರಾಹಿಗಳಾದ ಪಿಕಪ್ಪುಗಳನ್ನೂ ಬದಲಿಸುವ ಸಾಹಸದಲ್ಲಿ ಅವನಿದ್ದನು. ಒಂದು ವಾದ್ಯ ನಮ್ಮ ಹಿರಿಯರದು, ಇನ್ನೊಂದು ಸಮುದ್ರದಾಚೆಯದು. ಆದರೂ ಎರಡರಿಂದಲೂ ಅವನು ಬಯಸಿದ್ದು ಮಂದ್ರವೊಂದನ್ನೇ. ತಂತಿಯನ್ನು ಸಡಿಲಬಿಟ್ಟ ಮಾತ್ರಕ್ಕೆ ಮಂದ್ರವು ಒದಗದು, ಅದನ್ನು ಕಟ್ಟಬೇಕಾಗುತ್ತದೆ ಎಂಬ ಸಂಗತಿಯನ್ನು ಆ ಎರಡು ವಾದ್ಯಗಳು ಒಂದೇ ಕೋಣೆಯಲ್ಲಿ ನನಗೆ ತೋರಿಸಿಕೊಟ್ಟುದರಿಂದ, ಹಾಗೆ ಕಟ್ಟುವ ಕಸಬನ್ನು ಓದುಗರಿಗೆ ಪರಿಚಯಿಸುವ ಮನಸ್ಸಾಯಿತು.

ಮೊದಲು ತಂತಿಯ ಗಣಿತವನ್ನು ನೋಡೋಣ. ನಾಲ್ಕನೆಯ ಕಪ್ಪು ಮನೆಯಿಂದ ಎರಡನೆಯ ಕಪ್ಪು ಮನೆಗೆ ಇಳಿಯುವುದೆಂದರೆ ಷಡ್ಜದಿಂದ ಅದರ ಕೆಳಗಿನ ಪಂಚಮಕ್ಕೆ ಇಳಿದಂತೆ. ಕಂಪನಗಳ ಸಂಖ್ಯೆ ನಾಲ್ಕು ಇದ್ದುದು ಮೂರಾಗುತ್ತದೆ. ತಂತಿಯ ಉದ್ದವನ್ನೂ ತೂಕವನ್ನೂ ಬದಲಿಸದೆ ಬಿರಡೆಯೊಂದರಿಂದಲೇ ಈ ಕಾರ್ಯವನ್ನು ಸಾಧಿಸಹೊರಟರೆ, ಸೆಳೆತವು ಹದಿನಾರು ಪಾಲು ಇದ್ದುದು ಒಂಬತ್ತು ಪಾಲಿಗೆ ಇಳಿಯುತ್ತದೆ. ಅಷ್ಟು ಸಡಿಲವಾದ ತಂತಿ ನುಡಿಯಲಾರದು. ಅದೇ ಸೆಳೆತವನ್ನು ಉಳಿಸಿಕೊಂಡು ಇಳಿಯಬೇಕಾದರೆ ಒಂದೋ ತಂತಿಯನ್ನು ಉದ್ದ ಮಾಡಬೇಕು, ಇಲ್ಲವೆ ಅದರ ದಪ್ಪವನ್ನು ಮೂರು ಇದ್ದಲ್ಲಿ ನಾಲ್ಕಕ್ಕೆ ಏರಿಸಬೇಕು, ಅಥವಾ ಹೆಚ್ಚು ಭಾರದ ಲೋಹವನ್ನು ಆರಿಸಿಕೊಳ್ಳಬೇಕು. ಗಂಡಸರ ತಂಬೂರಿ ಸುಮಾರು 5 ಅಡಿ ಎತ್ತರವಿದ್ದು ಹೆಂಗಸರದು ಅದಕ್ಕಿಂತ ಗಿಡ್ಡಾಗಿರುವುದಕ್ಕೂ, ನಡುವಿನ ಜೋಡಿ ತಂತಿಗಳು ಉಕ್ಕಿನವಾಗಿದ್ದು ಕಡೆಯ ಖರ್ಜ ದಪ್ಪನಾದ ಹಿತ್ತಾಳೆಯದಾಗಿರುವುದಕ್ಕೂ ಕಾರಣ ಇದೇ. ನಮ್ಮ ಹಳೆಯ ಕುಶಲಕರ್ಮಿಗಳು ಈ ಸೂತ್ರವನ್ನು ಬರೆದಿಡಲಿಲ್ಲ. ದಂಡಿಯ ಉದ್ದದಲ್ಲಿಯೂ ತಂತಿಯ ನಂಬರಿನಲ್ಲಿಯೂ ಅದನ್ನು ಇರಿಸಿಹೋದರು.

ಮಂದ್ರ ಕಂಠಕ್ಕಾಗಿ ವಾದ್ಯವನ್ನು ಹೊಂದಿಸಿಕೊಳ್ಳುವ ಮಾತು ನಮ್ಮ ಸೀಮೆಗೆ ಹೊಸದಲ್ಲ. 1913ರಲ್ಲಿ ಧಾರವಾಡದಲ್ಲಿ ಜನಿಸಿ, ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತ ಗಂಗೂಬಾಯಿ ಹಾನಗಲ್ಲರ ಮೊದಮೊದಲ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ, ಎತ್ತರದ ಹೆಣ್ಣುಕಂಠ. ಗಂಟಲಿನ ಚಿಕಿತ್ಸೆಯೊಂದರ ತರುವಾಯ ಅದು ಘನವಾಗಿ, ಗಂಡುದನಿಯೋ ಎಂಬಂತೆ ಕೆಳಗಿಳಿದುದನ್ನು ಸಂಗೀತ ಬಲ್ಲವರೆಲ್ಲ ಅರಿತಿದ್ದಾರೆ. ಇನ್ನೊಬ್ಬರಾಗಿದ್ದರೆ ಎದೆಗುಂದುತ್ತಿದ್ದರು. ಅವರು ಆ ದನಿಯನ್ನೇ ತಮ್ಮದಾಗಿಸಿಕೊಂಡು, ಷಡ್ಜವನ್ನು ಅದರ ನೆಲೆಗೆ ಇಳಿಸಿ, 2009ರವರೆಗಿನ ದೀರ್ಘಜೀವನದಲ್ಲಿ ಕಿರಾಣಾ ಘರಾಣೆಯ ವಿಲಂಬಿತ ಆಲಾಪಕ್ಕೆ ಬೇರೆ ಯಾರೂ ಕೊಡಲಾಗದಿದ್ದ ಗಾಂಭೀರ್ಯವನ್ನು ಕೊಟ್ಟರು. ಕಂಠವು ಇಳಿದ ಮೇಲೆ ಬೆನ್ನ ಹಿಂದಿನ ತಂಬೂರಿಯೂ ಇಳಿಯಲೇಬೇಕು. ಎತ್ತರದ ಶ್ರುತಿಗೆ ಕಟ್ಟಿದ ತಂತಿಗಳನ್ನು ತೆಗೆದು ದಪ್ಪನೆಯವನ್ನು ಹೂಡಲೇಬೇಕು.

ಗದುಗಿಗೆ ಈ ವಿಷಯದಲ್ಲಿ ತನ್ನದೇ ಆದ ಹಿರಿಮೆಯಿದೆ. ಗದುಗಿನಲ್ಲಿ ಬಾಲ್ಯವನ್ನು ಕಳೆದ ಭೀಮಸೇನ ಜೋಶಿಯವರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆಯೊಂದನ್ನು ಕೇಳಿ, 1933ರಲ್ಲಿ ಹನ್ನೊಂದರ ಹರೆಯದಲ್ಲಿ ಗುರುವನ್ನರಸಿ ಮನೆಬಿಟ್ಟುದನ್ನು ಇಲ್ಲಿನ ಹಿರಿಯರು ಇಂದಿಗೂ ನಿನ್ನೆ ನಡೆದಂತೆ ಹೇಳುತ್ತಾರೆ. ಆ ಮಹಾಕಂಠದ ಮಂದ್ರವನ್ನು ನೆನೆಯುವವರು ಅದರ ಹಿಂದೆ ಮೊಳಗುತ್ತಿದ್ದ ಜೋಡಿ ತಂಬೂರಿಗಳನ್ನೂ ನೆನೆಯಬೇಕು. ಇನ್ನು ಇದೇ ಊರಿನ ವೀರೇಶ್ವರ ಪುಣ್ಯಾಶ್ರಮದ ವಿಷಯ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ, ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಊರೂರು ಅಲೆದು ಕಟ್ಟಿ ಬೆಳೆಸಿದ ಆ ವಿದ್ಯಾಕುಲವನ್ನು, 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ, ಕಣ್ಣಿಲ್ಲದವರೇ ಆದ ಪುಟ್ಟರಾಜ ಗವಾಯಿಗಳು 2010ರವರೆಗೆ ಪೊರೆದರು. ಅಂಧರಾದ, ಅನಾಥರಾದ ಮಕ್ಕಳು ಅನ್ನ, ಅರಿವೆ, ವಿದ್ಯೆಗಳನ್ನು ಪಡೆದು ಗಾಯಕರಾಗಿ ಹೊರಬರುವ ಅಂತಹ ಎಡೆಯಲ್ಲಿ ತಂಬೂರಿಯನ್ನು ಶ್ರುತಿ ಮಾಡುವುದು ಕೇವಲ ಕಿವಿ ಮತ್ತು ಬೆರಳುಗಳ ಕೆಲಸ. ದೃಷ್ಟಿಯುಳ್ಳ ನಾವು ಕುದುರೆಯ ಮೇಲಿನ ನೂಲನ್ನು ಕಣ್ಣಿಟ್ಟು ಸರಿಸುತ್ತೇವೆ. ಕಣ್ಣಿಲ್ಲದವನು ಬೆರಳ ತುದಿಯ ಸ್ಪರ್ಶದಿಂದ ಅದನ್ನು ಸರಿಸಿ, ನಾದವು ಅರಳಿದ ಕ್ಷಣದಲ್ಲಿ ಬೆರಳನ್ನು ತೆಗೆಯುತ್ತಾನೆ. ಈ ಕಸಬಿನ ಸತ್ವವೆಲ್ಲ ಆ ಕ್ಷಣದಲ್ಲಿದೆ ಎಂದು ನಾನು ನಂಬಿದ್ದೇನೆ.

ಏಕೆಂದರೆ ತಂಬೂರಿಯ ಜೀವವಿರುವುದು ಬುರುಡೆಯಲ್ಲಲ್ಲ, ಕುದುರೆಯಲ್ಲಿ. ಗಿಟಾರಿನ ಕುದುರೆ ಏಣಿನಂತಿದ್ದು ತಂತಿಯನ್ನು ಒಂದೇ ಬಿಂದುವಿನಲ್ಲಿ ತಡೆದು ನಿಲ್ಲಿಸುತ್ತದೆ; ತಂಬೂರಿಯದಾದರೋ ಅಗಲವಾಗಿ, ಕಣ್ಣಿಗೆ ಚಪ್ಪಟೆಯೆಂದು ತೋರುತ್ತ, ವಾಸ್ತವವಾಗಿ ಅತಿಸೂಕ್ಷ್ಮವಾದ ಬಾಗನ್ನು ಹೊಂದಿರುತ್ತದೆ. ಮಿಡಿದ ತಂತಿಯು ಆ ಬಾಗಿನ ಮೇಲೆ ಮುಟ್ಟಿಯೂ ಮುಟ್ಟದಂತೆ ಹೊರಳಾಡುವುದರಿಂದ ಮೂಲಸ್ವರದೊಳಗೆ ಅಡಗಿರುವ ಉಪಸ್ವರಗಳು ಒಂದಾದ ಮೇಲೊಂದು ಬಿಚ್ಚಿಕೊಳ್ಳುತ್ತವೆ. ತಂತಿಯ ಕೆಳಗೆ ಕುದುರೆಯ ಮೇಲೆ ಸೇರಿಸುವ ಎಳೆನೂಲಿಗೆ ಜೀವಾಳವೆಂದು ಹೆಸರು. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿದ್ದರೆ, ಒಂದು ಸ್ಥಾನದಲ್ಲಿ ಸತ್ತಂತಿದ್ದ ತಂತಿ ಜೇನುನೊಣದಂತೆ ಗುಂಯ್‌ಗುಡತೊಡಗುತ್ತದೆ. ಕುದುರೆಯ ಮೈಯನ್ನು ಹೀಗೆ ನುಡಿಯುವಂತೆ ಕಾನಸಿನಿಂದ ತೀಡುವ ಕೆಲಸಕ್ಕೆ ಜವಾರಿ ತೆಗೆಯುವುದೆಂದು ಹೆಸರು. ನಮ್ಮ ಸಂತೆಯಲ್ಲಿ ಜವಾರಿ ಎಂದರೆ ನಾಟಿ ತಳಿ: ಜವಾರಿ ಸವತಿಕಾಯಿ, ಜವಾರಿ ಬದನಿಕಾಯಿ. ವಾದ್ಯದ ಜವಾರಿಯು ಜೀವಶಬ್ದದಿಂದ ಬಂದುದೆಂದು ಹೇಳುವುದುಂಟು. ಎರಡು ಪದಗಳ ಬೇರು ಬೇರೆಯೇ ಆಗಿರಲಿ, ಒಳ್ಳೆಯ ಜವಾರಿಯ ತಂಬೂರಿಯನ್ನು ಕೇಳಿದಾಗ ನಾಟಿ ತಳಿಯ ರುಚಿ ಕಿವಿಗೆ ತಾಗಿದಂತೆ ನನಗನ್ನಿಸುತ್ತದೆ.

ಈ ಕುದುರೆಯ ವೈಚಿತ್ರ್ಯವನ್ನು ವಿಜ್ಞಾನದ ಮುಂದಿಟ್ಟವರು ಸಿ. ವಿ. ರಾಮನ್ನರು. ಬೆಂಗಳೂರಿಗೆ ಬಂದು ನೆಲೆಸುವ ಮೊದಲು, ಕಲಕತ್ತೆಯಲ್ಲಿದ್ದಾಗ, 1921ರಲ್ಲಿ ಭಾರತೀಯ ತಂತಿವಾದ್ಯಗಳನ್ನು ಕುರಿತು ಅವರು ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಸೋಜಿಗದ ಸಂಗತಿಯಿದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮಿಡಿಯುತ್ತೇವೆಯೋ ಆ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಬಾರದು ಎಂಬುದು ಪಾಶ್ಚಾತ್ಯ ಪಂಡಿತರು ಕಂಡುಕೊಂಡಿದ್ದ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಅವೇ ಉಪಸ್ವರಗಳು ಸ್ಪಷ್ಟವಾಗಿ, ಬಲವಾಗಿ ಕೇಳುತ್ತವೆಂದೂ ಅದಕ್ಕೆ ಕುದುರೆಯ ಬಾಗೇ ಕಾರಣವೆಂದೂ ಅವರು ತೋರಿಸಿದರು. ಖರ್ಜವನ್ನು ಮಿಡಿದಾಗ ಯಾರೂ ಕಟ್ಟದ ಗಾಂಧಾರವು ಮೇಲಿನಿಂದ ತಾನಾಗಿ ಇಳಿದುಬರುವುದನ್ನು ಕೇಳಿದ ನಮ್ಮ ಗಾಯಕರು ಅದನ್ನು ಸ್ವಯಂಭೂ ಎಂದು ಕರೆದರು. ಅದು ಮೂಲಸ್ವರದ ಐದು ಪಟ್ಟು ಕಂಪನದ ಉಪಸ್ವರ.

ಇಂತಹ ವಾದ್ಯಗಳು ನಮ್ಮ ನಾಡಿಗೆ ಬರುವುದು ಬಹುಮಟ್ಟಿಗೆ ಮಿರಜಿನಿಂದ. ಗದುಗಿನಿಂದ ರೈಲು ಹಿಡಿದು ಹುಬ್ಬಳ್ಳಿ, ಲೋಂಡಾ, ಬೆಳಗಾವಿಗಳನ್ನು ದಾಟಿದರೆ ಸಿಕ್ಕುವ ಆ ಊರಿನಲ್ಲಿ, ಕತ್ತಿಗಳಿಗೆ ಸಾಣೆ ಹಿಡಿಯುವ ಶಿಕಲಗಾರ ಮನೆತನದ ಫರೀದ್‌ಸಾಹೇಬರು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ವಾದ್ಯಗಳ ಕೆಲಸಕ್ಕೆ ಕೈಹಾಕಿದರು; ಲೋಹದ ಅಂಚನ್ನು ಬಲ್ಲ ಆ ಕೈಗಳು ಕುದುರೆಯ ಬಾಗನ್ನೂ ಬಲ್ಲವಾದವು. ಪಂಢರಪುರದ ಸೀಮೆಯ ಹೊಲಗಳಲ್ಲಿ ಬೆಳೆದು ಒಣಗಿದ ಬೃಹತ್ ಬುರುಡೆ, ತುಣದ ಮರದ ದಂಡಿ ಮತ್ತು ಬುರುಡೆಯ ಬಾಯಿಯನ್ನು ಮುಚ್ಚುವ ತಬಲಿ, ಎಲುಬಿನ ಇಲ್ಲವೆ ಕರಿಮರದ ಕುದುರೆ ಇವುಗಳಿಂದ ಮಿರಜಿನ ತಂಬೂರಿ ಸಿದ್ಧವಾಗುತ್ತದೆ. 2024ರಲ್ಲಿ ಅಲ್ಲಿನ ತಂಬೂರಿ ಮತ್ತು ಸಿತಾರಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕಿರಾಣೆಯ ಅಬ್ದುಲ್ ಕರೀಂ ಖಾನರು ತಮ್ಮ ಕೊನೆಯ ಕಾಲವನ್ನು ಕಳೆದುದೂ ಮಿರಜಿನಲ್ಲಿಯೇ. ವಾದ್ಯಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ಅವರಿಗೆ ಸ್ವತಃ ನುರಿತ ಕೈಯಿದ್ದಿತೆಂಬುದನ್ನು ಸಂಗೀತಗಾರರು ಆದರದಿಂದ ನೆನೆಯುತ್ತಾರೆ.

ಇನ್ನು ಮೇಜಿನ ಮೇಲಿನ ಗಿಟಾರಿಗೆ ಬರೋಣ. ಬ್ಯಾರಿಟೋನ್ ಎಂಬುದು ಗಂಭೀರ ಧ್ವನಿಯೆಂಬ ಅರ್ಥದ ಗ್ರೀಕ್ ಮೂಲದ ಮಾತು. ಪಾಶ್ಚಾತ್ಯರಲ್ಲಿ ಪುರುಷಕಂಠದ ನಡುವಣ ಶ್ರೇಣಿಗೆ ಆ ಹೆಸರು. ಈ ಬಗೆಯ ಎಲೆಕ್ಟ್ರಿಕ್ ಗಿಟಾರುಗಳನ್ನು 1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಡ್ಯಾನೆಲೆಕ್ಟ್ರೋ ಸಂಸ್ಥೆ ಮಾರುಕಟ್ಟೆಗೆ ತಂದಿತು. ಒತ್ತುಹಲಗೆಯ ಮೈ, ತುಟಿಬಣ್ಣದ ಕೊಳವೆಯೊಳಗೆ ಸೇರಿಸಿದ ಪಿಕಪ್ಪು, ಇಂತಹ ಅಗ್ಗದ ಸಾಮಗ್ರಿಗಳಿಂದಲೇ ಅವರು ಮರೆಯಲಾಗದ ನಾದವನ್ನು ಹೊರಡಿಸಿದರು. ಸಾಮಾನ್ಯ ಗಿಟಾರಿನ ನುಡಿಯುವ ತಂತಿಯ ಉದ್ದ ಸುಮಾರು ಇಪ್ಪತ್ತೈದೂವರೆ ಇಂಚಾದರೆ ಬ್ಯಾರಿಟೋನಿನದು 27ರಿಂದ 30 ಇಂಚು. ಅತ್ಯಂತ ಕೆಳಗಿನ ತಂತಿ ಸೆಕೆಂಡಿಗೆ 82 ಬಾರಿ ಕಂಪಿಸುತ್ತಿದ್ದುದು ಇಲ್ಲಿ 62ಕ್ಕೆ ಇಳಿಯುತ್ತದೆ. ಓದುಗರು ಗಮನಿಸಬೇಕು: ಇದೂ ನಾಲ್ಕರಿಂದ ಮೂರಕ್ಕೆ ಇಳಿದ ಲೆಕ್ಕವೇ, ನನ್ನ ಸೋದರತ್ತೆಯ ತಂಬೂರಿ ಇಳಿಯಬೇಕಾಗಿದ್ದುದೂ ಅಷ್ಟೇ ಅಂತರ. ಆ ತಂತಿಯ ದಪ್ಪ 0.046 ಇಂಚು ಇದ್ದುದು ಬ್ಯಾರಿಟೋನಿನಲ್ಲಿ ಸಾಮಾನ್ಯವಾಗಿ 0.062 ಅಥವಾ ಅದಕ್ಕೂ ಮೇಲಾಗುತ್ತದೆ. ಮೊದಲನೆಯ ಕಪ್ಪು ಮನೆಯಲ್ಲಿ ಹಾಡುವ ಗಂಡಸಿನ ತಂಬೂರಿಯ ಖರ್ಜವು ಕಂಪಿಸುವುದು ಸೆಕೆಂಡಿಗೆ 69 ಬಾರಿ. ಎರಡು ಭೂಖಂಡಗಳ ಎರಡು ವಾದ್ಯಗಳು ಇಷ್ಟು ಸನಿಹದ ಆಳದಲ್ಲಿ ನಿಂತಿರುವುದನ್ನು ಕಂಡು ನನಗೆ ಸಂತೋಷವಾಯಿತು.

ದಪ್ಪ ತಂತಿಯನ್ನು ಹೂಡಿದೊಡನೆ ವಾದ್ಯದ ಪ್ರತಿಯೊಂದು ಕೀಲೂ ಹೊಸ ಬೇಡಿಕೆಯನ್ನು ಮುಂದಿಡುತ್ತದೆ. ಕೊರಳಿನ ತುದಿಯಲ್ಲಿ ತಂತಿಗಳನ್ನು ಹೊರುವ ಮೇರುವಿನ ಗಾಡಿ ಇಕ್ಕಟ್ಟಾದುದರಿಂದ ತಂತಿ ಅದರಲ್ಲಿ ಕೂಡದೆ ಮೇಲೆಯೇ ನಿಲ್ಲುತ್ತದೆ, ಮೊದಲ ಮೆಟ್ಟಿಲುಗಳಲ್ಲಿ ಒತ್ತಿದಾಗ ಶ್ರುತಿ ಏರಿಬಿಡುತ್ತದೆ. ಆದುದರಿಂದ ಗಾಡಿಯನ್ನು ಸಣ್ಣ ಕಾನಸಿನಿಂದ ತಂತಿಯ ಅಳತೆಗೆ ಅಗಲಿಸಬೇಕು. ಹಳೆಯ ಕಿವಿಗಳ ಕಂಬದ ರಂಧ್ರದಲ್ಲಿ ದಪ್ಪ ತಂತಿ ತೂರದು. ತೂರಿದರೂ ಸವೆದ ಹಲ್ಲುಗಳು ಅದನ್ನು ಹಿಡಿದು ನಿಲ್ಲಿಸವು. ಹುಡುಗನು ತರಿಸಿದ ಹೊಸ ಕಿವಿಗಳಲ್ಲಿ ಗುಂಡಿಯನ್ನು 18 ಸುತ್ತು ತಿರುವಿದರೆ ಕಂಬವು ಒಂದು ಸುತ್ತು ತಿರುಗುತ್ತದೆ. ಬೆರಳಿನ ಅಲ್ಪ ಚಲನೆಗೆ ಶ್ರುತಿಯ ಅತ್ಯಲ್ಪ ಚಲನೆ. ಕುದುರೆಯ ಮೇಲೆ ಪ್ರತಿ ತಂತಿಗೂ ಇರುವ ಸಣ್ಣ ಪೀಠಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಬೇಕು, ಏಕೆಂದರೆ ದಪ್ಪ ತಂತಿ ಬಿಗಿಮೈಯದಾದುದರಿಂದ ಅದಕ್ಕೆ ಕೊಂಚ ಹೆಚ್ಚಿನ ಉದ್ದ ಬೇಕು. ಹನ್ನೆರಡನೆಯ ಮೆಟ್ಟಿಲಿನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ ಹೊರಡಿಸಿದ ಸ್ವರವೂ ಅಲ್ಲಿಯೇ ಒತ್ತಿ ಹೊರಡಿಸಿದ ಸ್ವರವೂ ಒಂದೇ ಆಗುವವರೆಗೆ ಈ ಸರಿಸುವಿಕೆ ನಡೆಯುತ್ತದೆ. ಅವನು ಕಿವಿಗೊಟ್ಟು, ತಿರುಪು ತಿರುವಿ, ಮತ್ತೆ ಕಿವಿಗೊಡುತ್ತಿದ್ದ ಆ ಮಧ್ಯಾಹ್ನಗಳಲ್ಲಿ ಜೀವಾಳವನ್ನು ಸರಿಸುತ್ತಿದ್ದ ನನ್ನ ಸೋದರತ್ತೆಯ ಮುಖ ನನಗೆ ಕಾಣಿಸಿತು. ಆ ಗಿಟಾರಿನ ಬೆರಳುಹಲಗೆ ಬೀಟೆಯದು. ನಮ್ಮ ಮಲೆನಾಡಿನಲ್ಲಿಯೂ ಬೆಳೆಯುವ ಆ ಮರಕ್ಕೆ ಜಗತ್ತಿನ ಗಿಟಾರು ತಯಾರಕರಲ್ಲಿ ಇರುವ ಬೆಲೆಯನ್ನು ನಮ್ಮಲ್ಲಿ ಹಲವರು ಅರಿಯರು.

ಪಿಕಪ್ಪಿನ ತತ್ವವಾದರೋ 1831ರಲ್ಲಿ ಫ್ಯಾರಡೆಯು ಕಂಡ ವಿದ್ಯುತ್ಪ್ರೇರಣೆಯದೇ. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಕಂಪಿಸುವ ಉಕ್ಕಿನ ತಂತಿಯು ಅಯಸ್ಕಾಂತದ ಕ್ಷೇತ್ರವನ್ನು ಕಲಕಿ, ಸುರುಳಿಯಲ್ಲಿ ತನ್ನ ಕಂಪನಕ್ಕೆ ಸರಿಯಾದ ವಿದ್ಯುತ್ತನ್ನು ಹುಟ್ಟಿಸುತ್ತದೆ. ಸುತ್ತುಗಳು ಹೆಚ್ಚಿದಷ್ಟೂ ಧ್ವನಿ ಜೋರಾಗುತ್ತದೆ, ಆದರೆ ಮೇಲಿನ ಉಪಸ್ವರಗಳು ಮಸುಕಾಗುತ್ತವೆ. ಬ್ಯಾರಿಟೋನಿಗೆ ಇದು ದೊಡ್ಡ ಕುಂದು: ಮೂಲಸ್ವರವೇ ಆಳದಲ್ಲಿರುವಾಗ ಮೇಲಿನ ಹೊಳಪೂ ಮಾಯವಾದರೆ ಉಳಿಯುವುದು ಕೆಸರಿನಂತಹ ಗದ್ದಲವೊಂದೇ. ಆದುದರಿಂದ ಸುತ್ತುಗಳು ಮಿತವಾಗಿದ್ದು ನಾದ ತಿಳಿಯಾಗಿರುವ ಪಿಕಪ್ಪುಗಳನ್ನು ಆರಿಸಿದ ಹುಡುಗನ ವಿವೇಕವನ್ನು ನಾನು ಮೆಚ್ಚಿದೆನು. ಇನ್ನೊಂದು ತೊಡಕು ನಮ್ಮ ಮನೆಯ ವಿದ್ಯುತ್ತಿನದು. ಅದು ಸೆಕೆಂಡಿಗೆ 50 ಬಾರಿ ಹೊಯ್ದಾಡುವುದರಿಂದ ಅದರ ಹುಯ್ಯೆನ್ನುವ ಸದ್ದು ಬ್ಯಾರಿಟೋನಿನ 62ಕ್ಕೆ ಬಲು ಸಮೀಪದಲ್ಲಿ ಬಂದು ಕೂಡುತ್ತದೆ. 1955ರಲ್ಲಿ ಗಿಬ್ಸನ್ ಸಂಸ್ಥೆಯ ಸೇತ್ ಲವರ್ ರೂಪಿಸಿದ ಹಂಬಕರ್ ಇದಕ್ಕೆ ಪರಿಹಾರ: ಎರಡು ಸುರುಳಿಗಳನ್ನು ವಿರುದ್ಧ ದಿಕ್ಕಿನಲ್ಲಿ ಕೂಡಿಸಿ, ಅಯಸ್ಕಾಂತದ ಧ್ರುವಗಳನ್ನೂ ವಿರುದ್ಧವಾಗಿರಿಸಿದರೆ, ಹೊರಗಿನ ಸದ್ದು ತನ್ನನ್ನು ತಾನೇ ಕಳೆದುಕೊಂಡು ತಂತಿಯ ನಾದ ಮಾತ್ರ ಇಮ್ಮಡಿಸುತ್ತದೆ. ಪಿಕಪ್ಪನ್ನು ತಂತಿಗೆ ತೀರ ಹತ್ತಿರ ತಂದರೂ ಅಪಾಯವೇ. ಅಯಸ್ಕಾಂತವು ತಂತಿಯನ್ನು ತನ್ನೆಡೆಗೆ ಸೆಳೆದು ಶ್ರುತಿಯನ್ನು ತೂಗಾಡಿಸುತ್ತದೆ. ತಿರುಪನ್ನು ಕಾಲುಸುತ್ತು ಇಳಿಸಿ ಕೇಳುವುದು, ಮತ್ತೆ ಅರೆಸುತ್ತು ಏರಿಸಿ ಕೇಳುವುದು: ಈ ತಾಳ್ಮೆಯಿಲ್ಲದವನು ಬೆಸುಗೆಯ ಕಡ್ಡಿಯನ್ನು ಮುಟ್ಟದಿರುವುದೇ ಲೇಸು.

ಗಿಟಾರು ಸಿದ್ಧವಾದ ಹುರುಪಿನಲ್ಲಿ ಹುಡುಗನು ತಂಬೂರಿಗೂ ಪಿಕಪ್ಪನ್ನು ಹಿಡಿದು ನೋಡಿದನು. ಜೋಡಿ ತಂತಿಗಳು ಧ್ವನಿವರ್ಧಕದ ಪೆಟ್ಟಿಗೆಯಿಂದ ಸ್ಪಷ್ಟವಾಗಿ ಮೊಳಗಿದವು. ಖರ್ಜವನ್ನು ಮಿಡಿದಾಗ ಮಾತ್ರ ಮೌನ. ಹಿತ್ತಾಳೆಗೆ ಅಯಸ್ಕಾಂತದ ಹಂಗಿಲ್ಲ! ಯಾವ ಮಂದ್ರಕ್ಕಾಗಿ ಇಷ್ಟೆಲ್ಲ ಪಾಡುಪಟ್ಟೆವೋ ಆ ಮಂದ್ರವನ್ನೇ ಆ ಯಂತ್ರವು ಕೇಳಲಾರದಾಯಿತು. ತಬಲಿಯ ನಡುಕವನ್ನೇ ವಿದ್ಯುತ್ತಾಗಿಸುವ ಪೀಜೋ ಬಿಲ್ಲೆಯನ್ನು ಅಂಟಿಸಿದರೆ ನಾಲ್ಕೂ ತಂತಿಗಳು ಕೇಳುತ್ತವೆ ನಿಜ. ದೊಡ್ಡ ಸಭಾಂಗಣದಲ್ಲಿ ಅದು ಬೇಕಾಗಬಹುದು, ಮನೆಯ ಸಾಧನೆಗೆ ಅದರ ಅಗತ್ಯವನ್ನು ನಾನು ಕಾಣೆ. ಬಿರಡೆಗಳನ್ನು ಕಿತ್ತು ಗಿಟಾರಿನಂತಹ ಹಲ್ಲುಗಾಲಿಯ ಕಿವಿಗಳನ್ನು ಕೂಡಿಸೋಣವೆಂದೂ ಅವನು ಕೇಳಿದನು. ಪ್ರವಾಸದ ಚಿಕ್ಕ ತಂಬೂರಿಗಳಲ್ಲಿ ಅಂತಹ ಏರ್ಪಾಟು ಈಗ ಬಳಕೆಯಲ್ಲಿದೆ, ಅನುಕೂಲವೂ ಹೌದು. ಆದರೆ ಹಳೆಯ ದಂಡಿಗೆ ಹೊಸ ರಂಧ್ರಗಳನ್ನು ಕೊರೆದು ಲೋಹದ ಭಾರವನ್ನು ಹೇರಲು ನನ್ನ ಮನಸ್ಸು ಒಪ್ಪಲಿಲ್ಲ. ತಂತಿ ಬಿರಡೆಗಳ ಗೊಡವೆಯೇ ಬೇಡವೆನ್ನುವವರಿಗೆ ಈಗ ಕೈಪೆಟ್ಟಿಗೆಯಷ್ಟರ ಎಲೆಕ್ಟ್ರಾನಿಕ್ ತಂಬೂರಿಯಿದೆ. ಕೊಳಲುವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣರು ಬೆಂಗಳೂರಿನ ತಮ್ಮ ರೇಡೆಲ್ ಸಂಸ್ಥೆಯ ಮೂಲಕ ಅದನ್ನು ರೂಪಿಸಿ ಹರಡಿ, ತಂಬೂರಿ ಕೊಳ್ಳಲಾಗದ ಎಷ್ಟೋ ಬಡ ವಿದ್ಯಾರ್ಥಿಗಳಿಗೆ ಶ್ರುತಿಯನ್ನು ಒದಗಿಸಿದ ಉಪಕಾರವನ್ನು ಮರೆಯಲಾಗದು.

ಕೊನೆಗೆ ತಂಬೂರಿಯನ್ನು ರಿಪೇರಿಯ ಕಸಬುದಾರರೊಬ್ಬರಿಗೆ ಒಪ್ಪಿಸಿದೆವು. ಅವರು ಮೊದಲು ಮಾಡಿದ್ದು ತಂತಿಗಳನ್ನೆಲ್ಲ ಬಿಚ್ಚಿ ಕುದುರೆಯನ್ನು ಬೆಳಕಿಗೆ ಹಿಡಿದು ನೋಡಿದ್ದು. ಹತ್ತಾರು ವರ್ಷಗಳ ತಂತಿಗಳು ಅದರ ಮೈಯಲ್ಲಿ ನಾಲ್ಕು ಸಣ್ಣ ಗೆರೆಗಳನ್ನು ಕೊರೆದಿದ್ದವು. ಆ ಗೆರೆಗಳನ್ನು ತೀಡಿ ಅಳಿಸಿ, ದಪ್ಪ ತಂತಿಗೆ ತಕ್ಕಂತೆ ಬಾಗನ್ನು ಕೊಂಚ ಹೆಚ್ಚಾಗಿ ತೆರೆದು, ಒಂದು ತಂತಿಯನ್ನು ಕಟ್ಟಿ ಕೇಳಿ, ಬಿಚ್ಚಿ, ಮತ್ತೆ ತೀಡಿ, ಮತ್ತೆ ಕಟ್ಟಿ, ಎರಡು ದಿನಗಳನ್ನು ಕಳೆದರು. ದಂಡಿ ಉದ್ದದ್ದಲ್ಲವಾದುದರಿಂದ ಎರಡನೆಯ ಕಪ್ಪು ಮನೆಗಿಂತ ಕೆಳಗೆ ಇಳಿಸಬಾರದೆಂದು ಎಚ್ಚರಿಸಿದರು. ಜೀವಾಳಕ್ಕೆ ಬೆಟಗೇರಿಯ ನೇಕಾರರ ಮನೆಯಿಂದ ತಂದ ನೂಲಿನ ಎಳೆಯೇ ಸಾಕಾಯಿತು. ಹೊಸ ಖರ್ಜದ ಕೆಳಗೆ ಅದನ್ನು ಸೇರಿಸಿ ನಿಧಾನವಾಗಿ ಸರಿಸುತ್ತ ಬಂದಾಗ, ಬೇಸಗೆಯ ಆ ಸಂಜೆ, ಪಡಸಾಲೆಯಲ್ಲಿ ಕುಳಿತಿದ್ದ ನಮಗೆಲ್ಲರಿಗೂ ಮೇಲಿನಿಂದ ಇಳಿದ ಗಾಂಧಾರ ಕೇಳಿಸಿತು.

ಬಿರಡೆಗಳು ಜಾರದಂತೆ ಈಗ ಸೀಮೆಸುಣ್ಣವನ್ನು ಹಚ್ಚಿದ್ದೇವೆ. ಹಿತ್ತಾಳೆಯ ತಂತಿ ಹೊಸದಾದುದರಿಂದ ಇನ್ನೂ ಹಿಗ್ಗುತ್ತಿದೆ. ಪ್ರತಿದಿನ ನಸುಕಿನಲ್ಲಿ ಅದು ಕೂದಲೆಳೆಯಷ್ಟು ಇಳಿದಿರುತ್ತದೆ, ಹುಡುಗನು ಖರ್ಜದ ಸಾಧನೆಗೆ ಕೂರುವ ಮೊದಲು ತಂತಿಗೆ ಪೋಣಿಸಿದ ಮಣಿಯನ್ನು ಸರಿಸಿ ಅದನ್ನು ತನ್ನ ಷಡ್ಜಕ್ಕೆ ಕೂಡಿಸಿಕೊಳ್ಳುತ್ತಾನೆ.